ಬಾರ್ಜಿನವನು ಕೆರೆಗೆ ಇಳಿದ ದಿನ

ನಾನು ಟ್ಯಾಂಕ್ ಬಾರ್ಜಿನ ಮೇಲೆ ಕೆಲಸ ಮಾಡುವವನು. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಹೀಗೆ ಹೇಳಿದರೆ ಮುಂದಿನ ಪ್ರಶ್ನೆ ಗ್ಯಾರಂಟಿ: “ಹಂಗಂದ್ರೆ ಮೀನು ಹಿಡೀತೀರೇನ್ರೀ?” ಮೀನಲ್ಲ, ಎಣ್ಣೆ ಎಂದರೆ, “ಸಮುದ್ರದಾಗೆ ಎಣ್ಣೆ ಸಿಗುತ್ತಾ?” ಎಂದು ಇನ್ನೊಂದು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಬಾರ್ಜ್ ಎಂದರೆ ತಳ ಚಪ್ಪಟೆಯಾದ, ಅಗಲವಾದ ಕಬ್ಬಿಣದ ಹಡಗು. ನಮ್ಮದರ ಹೊಟ್ಟೆಯಲ್ಲಿ ಆರು ಟ್ಯಾಂಕುಗಳಿವೆ. ಮಂಗಳೂರಿನ ದಡದಲ್ಲಿ ಪೈಪು ಸಿಕ್ಕಿಸಿ ಡೀಸೆಲ್ಲನ್ನೋ ಫರ್ನೇಸ್ ಎಣ್ಣೆಯನ್ನೋ ತುಂಬಿಸಿಕೊಂಡು, ನದಿಯಲ್ಲಿ ಇಳಿದು, ಅಳಿವೆ ದಾಟಿ, ಹೊರಗೆ ಲಂಗರು ಹಾಕಿ ನಿಂತ ದೊಡ್ಡ ಹಡಗುಗಳಿಗೆ ಕೊಟ್ಟು ಬರುತ್ತೇವೆ. ಕರಾವಳಿಯ ಗುಂಟ ಕಾರವಾರ, ಗೋವಾದವರೆಗೆ ಹೋಗಿ ಅಲ್ಲಿನ ನದಿಗಳಲ್ಲಿ ಒಳಕ್ಕೆ ಏರುವುದೂ ಉಂಟು. ತಾಳೆ ಎಣ್ಣೆ ಹೊತ್ತಿದ್ದೇನೆ, ಕಾಕಂಬಿ ಹೊತ್ತಿದ್ದೇನೆ, ಬೇರೊಂದು ಬಾರ್ಜಿನಲ್ಲಿದ್ದಾಗ ಒಂದು ಬೇಸಿಗೆಯಿಡೀ ಹಡಗುಗಳಿಗೆ ಕುಡಿಯುವ ನೀರು ಹೊತ್ತಿದ್ದೇನೆ.

ನಮ್ಮದು ಉಡುತಡಿ ಕಡೆಯ ಕುರಿ ಸಾಕುವ ಮನೆ. ಮನೆಯಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ಕುರಿಯ ವಿದ್ಯೆಯೆಲ್ಲ ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕನಿಗೆ ಬಂತು. ಮರಿ ನಿಂತ ಭಂಗಿ ನೋಡಿಯೇ ಅದಕ್ಕೆ ಜ್ವರವೋ ಹೊಟ್ಟೆನೋವೋ ಎಂದು ಹೇಳುತ್ತಿದ್ದಳು. ಅವಳನ್ನು ಸೊರಬ ತಾಲ್ಲೂಕಿನ ಹೊಸಬಾಳೆಗೆ ಕೊಟ್ಟಾಗ ಅಪ್ಪ ಹತ್ತು ಕುರಿಗಳನ್ನು ಜೊತೆಗೆ ಹೊಡೆದುಕೊಂಡು ಹೋಗಿ ಬಿಟ್ಟುಬಂದ. ಭಾವ ಗದ್ದೆ ನೋಡಿಕೊಂಡರೆ ಅಕ್ಕ ಕುರಿ ನೋಡಿಕೊಂಡಳು. ಕೆಲವೇ ವರ್ಷಗಳಲ್ಲಿ ಆ ಹತ್ತು ಅರವತ್ತಾದವು. ನನಗೆ ಕುರಿಗಿಂತ ಕೊಳವೆಬಾವಿಯ ಪಂಪಿನಲ್ಲಿ ಆಸಕ್ತಿ. ಐಟಿಐನಲ್ಲಿ ಫಿಟ್ಟರ್ ಮುಗಿಸಿ, ಮಂಗಳೂರಿನ ಒಂದು ಪಂಪ್ ರಿಪೇರಿ ವರ್ಕ್‌ಶಾಪಿಗೆ ಸೇರಿದೆ.

ಅಲ್ಲಿ ಸೇರಿದ ವರ್ಷವೇ ಒಂದು ದಿನ ಬಂದರಿನಿಂದ ಕರೆ ಬಂತು. ಬಾರ್ಜೊಂದರ ಪಂಪು ಕೆಟ್ಟಿದೆ, ಅರ್ಧ ಸರಕು ಹೊಟ್ಟೆಯಲ್ಲೇ ಉಳಿದಿದೆ ಎಂದರು. ಮಾಲೀಕ ನನ್ನನ್ನು ಕಳಿಸಿದ. ನಾನು ಚೀಲದಿಂದ ಸ್ಪ್ಯಾನರು, ಸುತ್ತಿಗೆ ತೆಗೆಯುತ್ತಿದ್ದಂತೆ ಬಾರ್ಜಿನ ಮಾಸ್ಟರ್ ಓಡಿಬಂದು ಸುತ್ತಿಗೆ ಕಿತ್ತುಕೊಂಡರು. ಕರಾವಳಿಯವರು, ಐವತ್ತು ದಾಟಿದವರು, ಅಗಲ ಭುಜ, ಸಣ್ಣ ದನಿ. ದೋಣಿ ನಡೆಸುವ ಮುಖ್ಯಸ್ಥ ಎಂಬ ಅರ್ಥದಲ್ಲಿ ಅವರನ್ನು ಎಲ್ಲರೂ ತಾಂಡೇಲರು ಎಂದೇ ಕರೆಯುತ್ತಿದ್ದರು.

“ಕಬ್ಬಿಣಕ್ಕೆ ಕಬ್ಬಿಣ ಹೊಡೆದ್ರೆ ಏನು ಬರ್ತದೆ ಮಾರಾಯ?” ಎಂದು ಕೇಳಿದರು.

“ಕಿಡಿ.”

“ಗೊತ್ತುಂಟಲ್ಲ. ಹಾಗಾದ್ರೆ ಇದನ್ನು ತಗೊ” ಎಂದು ಹಿತ್ತಾಳೆಯ ಸುತ್ತಿಗೆ ಕೊಟ್ಟರು.

ಮಧ್ಯಾಹ್ನದೊಳಗೆ ಪಂಪು ತಿರುಗಿತು. ತಾಂಡೇಲರು ನನಗೆ ಗಂಜಿ, ಒಣಮೀನಿನ ಚಟ್ನಿ ಬಡಿಸಿದರು. ನಾನು ಮೀನು ಬಿಟ್ಟು ಗಂಜಿ ಕುಡಿದೆ. “ಒಂದು ಟ್ರಿಪ್ಪು ಬಂದು ನೋಡು. ಪಂಪಿನವ ನನಗೆ ಬೇಕು” ಎಂದರು. ಹೋದೆ. ಅಳಿವೆಯ ಬಾಯಿಯಲ್ಲಿ ಬಾರ್ಜು ಮೊದಲ ಅಲೆಗೆ ಮೂತಿ ಎತ್ತಿದಾಗ ಕುಡಿದ ಗಂಜಿಯೆಲ್ಲ ಹೊರಬಂತು. ಆದರೂ ಹಿಂದಕ್ಕೆ ಬರುವಾಗ, ಖಾಲಿ ಬಾರ್ಜು ನದಿಯೊಳಗೆ ನುಗ್ಗುತ್ತಿರುವಾಗ, ಈ ಕೆಲಸ ನನ್ನದು ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಎಣ್ಣೆ ಹೊರುವ ಕೆಲಸದಲ್ಲಿ ಎಣ್ಣೆ ತುಂಬುವುದಕ್ಕಿಂತ ಅದಕ್ಕೆ ಮುಂಚಿನ ತಯಾರಿಯೇ ಹೆಚ್ಚು. ಬಾರ್ಜಿನ ಡೆಕ್ಕಿನ ಅಂಚಿನಲ್ಲಿ ಮಳೆನೀರು, ಅಲೆನೀರು ಹೊರಗೆ ಹರಿದುಹೋಗಲು ಸಣ್ಣ ಸಣ್ಣ ಕಂಡಿಗಳಿರುತ್ತವೆ. ಪೈಪು ಜೋಡಿಸುವ ಮೊದಲು ಅವನ್ನೆಲ್ಲ ಬೆಣೆ ಹೊಡೆದು ಮುಚ್ಚಬೇಕು. ಆಮೇಲೆ ಬಾರ್ಜಿಗೂ ದಡಕ್ಕೂ ತಂತಿ ಕಟ್ಟಬೇಕು. ಎಣ್ಣೆ ಪೈಪಿನಲ್ಲಿ ಉಜ್ಜಿಕೊಂಡು ಹರಿಯುವಾಗ ಹುಟ್ಟುವ ವಿದ್ಯುತ್ತು ನೆಲಕ್ಕೆ ಇಳಿಯಲು ಅದು ದಾರಿ. ಫೋನು, ಬೀಡಿ, ಲೈಟರು ಎಲ್ಲ ದಡದ ಡಬ್ಬಿಯಲ್ಲಿ. ತಾಂಡೇಲರು ಪ್ರತಿ ಸಲವೂ, ಇಪ್ಪತ್ತು ವರ್ಷದಿಂದ ಮಾಡಿದ್ದರೂ, ಹಾಳೆ ಹಿಡಿದು ಒಂದೊಂದೇ ಓದಿ ಗುರುತು ಹಾಕುತ್ತಿದ್ದರು. “ನೆನಪು ಉಂಟು ಅಂತ ಹಾಳೆ ನೋಡದವನೇ ಬಾರ್ಜಿಗೆ ಬೆಂಕಿ ಇಡೂದು” ಎನ್ನುತ್ತಿದ್ದರು.

ಅದರ ಅರ್ಥ ನನಗೆ ಆದದ್ದು ಎರಡನೇ ವರ್ಷದಲ್ಲಿ. ಡೀಸೆಲ್ ತುಂಬುತ್ತಿದ್ದೆವು. ಮೂರನೇ ಟ್ಯಾಂಕಿನ ಕಾವಲು ನನ್ನದು. ಟ್ಯಾಂಕಿನ ಬಾಯಿಯಿಂದ ಹಿತ್ತಾಳೆಯ ಗುಂಡು ಕಟ್ಟಿದ ಟೇಪು ಇಳಿಬಿಟ್ಟು, ಎಣ್ಣೆಯ ಮೇಲೆ ಇನ್ನೆಷ್ಟು ಖಾಲಿ ಉಳಿದಿದೆ ಎಂದು ಅಳೆಯುತ್ತಿರಬೇಕು. ಟ್ಯಾಂಕು ತುಂಬುತ್ತ ಬಂದಂತೆ ಹರಿವು ನಿಧಾನ ಮಾಡಿಸಬೇಕು. ಅಷ್ಟು ಹೊತ್ತಿಗೆ ನನಗೆ ಟೇಪು ಇಳಿಸದೆಯೇ, ಪೈಪಿನ ಸದ್ದು ಕೇಳಿಯೇ ಮಟ್ಟ ಹೇಳಬಲ್ಲೆ ಎಂಬ ಹಮ್ಮು ಬಂದಿತ್ತು. ಪಕ್ಕದ ಬಾರ್ಜಿನವನ ಜೊತೆ ಮಾತಿಗೆ ನಿಂತೆ. ಮಾತು ಮುಗಿಯುವ ಮೊದಲೇ ಟ್ಯಾಂಕಿನ ಬಾಯಿಯಿಂದ ಡೀಸೆಲ್ ಉಕ್ಕಿ ಡೆಕ್ಕಿನ ಮೇಲೆ ಹಾಸಿಕೊಂಡಿತು. ತಾಂಡೇಲರು ಎರಡೂ ತೋಳು ತಲೆಯ ಮೇಲೆ ಅಡ್ಡಡ್ಡ ಹಿಡಿದು ದಡದವನಿಗೆ ‘ನಿಲ್ಲಿಸು’ ಎಂದು ಸನ್ನೆ ಮಾಡಿದರು. ಹರಿವು ನಿಂತಿತು.

ಒಂದು ತೊಟ್ಟೂ ನದಿಗೆ ಬೀಳಲಿಲ್ಲ. ಕಂಡಿಗಳೆಲ್ಲ ಮುಚ್ಚಿದ್ದವು. ತಾಂಡೇಲರು ಬಯ್ಯಲಿಲ್ಲ. ಒಂದು ಕಟ್ಟು ಹಳೇ ಬಟ್ಟೆ ತಂದು ನನ್ನ ಮುಂದಿಟ್ಟರು. “ಡೆಕ್ಕಿನಲ್ಲಿದ್ರೆ ಬಟ್ಟೆ ಸಾಕು. ನೀರಿಗೆ ಹೋದ್ರೆ ಊರು ಸಾಲುವುದಿಲ್ಲ” ಎಂದರು. ಮೊಣಕಾಲೂರಿ ಸಂಜೆಯವರೆಗೆ ಒರೆಸಿದೆ. ಅಂದಿನಿಂದ ಇಂದಿನವರೆಗೆ ಟೇಪು ಇಳಿಸದೆ ಮಟ್ಟ ಹೇಳಿದವನಲ್ಲ ನಾನು.

ಮುಂದೆ ಬಾರ್ಜಿನ ಕೆಲಸದ ಸರ್ಟಿಫಿಕೇಟಿನ ಪರೀಕ್ಷೆಗೆ ಕೂತಾಗ ಮೌಖಿಕದಲ್ಲಿ ಒಬ್ಬ ಅಧಿಕಾರಿ, ಅರ್ಧ ತುಂಬಿದ ಟ್ಯಾಂಕುಗಳೊಂದಿಗೆ ಬಾರ್ಜು ನಡೆಸುವುದು ಯಾಕೆ ಅಪಾಯ ಎಂದು ಕೇಳಿದರು. ಪುಸ್ತಕದ ವಾಕ್ಯ ನಾಲಿಗೆಗೆ ಬರಲಿಲ್ಲ. “ತುಂಬಿದ ಕೊಡ ತುಳುಕೋದಿಲ್ಲ ಸಾರ್. ಅರ್ಧ ಕೊಡ ಹೊತ್ತವರ ಕುತ್ತಿಗೆ ಉಳುಕುತ್ತೆ. ಬಾರ್ಜು ಒಂದು ಪಕ್ಕಕ್ಕೆ ವಾಲಿದ್ರೆ ಒಳಗಿನ ಎಣ್ಣೆಯೂ ಅದೇ ಪಕ್ಕಕ್ಕೆ ಓಡುತ್ತೆ. ಆಮೇಲೆ ಅದನ್ನ ಎತ್ತೋರು ಯಾರು?” ಎಂದೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಪಾಸಾದೆ.

ಅಕ್ಕನಿಗೆ ಮಾತ್ರ ಇದ್ಯಾವುದೂ ಕೆಲಸವೆಂದು ಅನ್ನಿಸಲೇ ಇಲ್ಲ. ರಜೆಗೆ ಹೋದಾಗಲೆಲ್ಲ ಅದೇ ಮಾತು. “ಅಲ್ಲಿಂದ ತುಂಬ್ತೀಯ, ಇಲ್ಲಿಗೆ ಸುರೀತೀಯ. ನಡುವೆ ನೀನೇನ್ ಮಾಡ್ತೀಯ?” ಎಂದು ಕೇಳುತ್ತಿದ್ದಳು. “ಸುರಿಯದಂಗೆ ನೋಡ್ಕೊಳ್ತೀನಿ” ಎಂದರೆ, “ಅದೂ ಒಂದು ಕಸುಬಾ?” ಎಂದು ಕುರಿಯ ಗೊರಸು ಹಿಡಿದು ನೋಡುವುದರಲ್ಲಿ ಮಗ್ನಳಾಗುತ್ತಿದ್ದಳು. ಅವಳ ಮಟ್ಟಿಗೆ ನನ್ನದು ಲಾರಿ ಕ್ಲೀನರ್ ಕೆಲಸದ ನೀರಿನ ಆವೃತ್ತಿ. ಅದರಿಂದ ನನಗೆ ಬೇಸರವೇನೂ ಇರಲಿಲ್ಲ. ಆದರೆ ಒಮ್ಮೆಯಾದರೂ ಅವಳು ನೋಡಲಿ ಎಂಬ ಆಸೆ ಇತ್ತು.

ಕೆಲವು ವರ್ಷದ ಹಿಂದೆ ದೀಪಾವಳಿ ಮುಗಿದ ವಾರ ನಾನು ಹೊಸಬಾಳೆಯಲ್ಲಿದ್ದೆ. ಅಕ್ಕ ಮಳೆಗಾಲದ ನಂತರದ ಉಣ್ಣೆ ಕತ್ತರಿಸಿ ಮುಗಿಸಿದ್ದಳು. ಮೊದಲಾದರೆ ಕಂಬಳಿ ನೇಯುವವರು ಬಂದು ಒಯ್ಯುತ್ತಿದ್ದರು. ಈಗ ಯಾರೂ ಬರುವುದಿಲ್ಲ. ಕಪ್ಪು ಉಣ್ಣೆ ಹಟ್ಟಿಯ ಮೂಲೆಯಲ್ಲಿ ಹದಿನೈದು ಇಪ್ಪತ್ತು ಚೀಲಗಳಲ್ಲಿ ಬಿದ್ದಿತ್ತು. ಗುಂಡಿ ತೋಡಿ ಹೂಳಬೇಕು ಎಂದು ಭಾವ ಗೊಣಗುತ್ತಿದ್ದ.

ಬೆಳಿಗ್ಗೆ ಎಂಟರ ಸುಮಾರಿಗೆ ಕೆರೆ ಏರಿಯ ಕಡೆಯಿಂದ ಏನೋ ಉರುಳಿದ ಸದ್ದು ಬಂತು. ಓಡಿದೆವು. ಏರಿಯ ಮೇಲಿನ ತಿರುವಿನಲ್ಲಿ, ಎದುರಿಗೆ ಬಂದ ಮೆಕ್ಕೆಜೋಳದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಒಂದು ಟ್ಯಾಂಕರ್ ಲಾರಿ ಕೆರೆಯ ಒಳಬದಿಗೆ ಜಾರಿ, ಹೊಂಗೆ ಮರಕ್ಕೆ ಒರಗಿ, ಮಗ್ಗುಲಾಗಿ ಮಲಗಿತ್ತು. ಡ್ರೈವರ್ ಕಿಟಕಿಯಿಂದ ಹೊರಗೆ ಬಂದು ಕೂತಿದ್ದ. ಮೊಣಕೈ ಸಿಗಿದು ರಕ್ತ. ಲಾರಿಯ ಹಿಂಬದಿಯಿಂದ ಬೆರಳು ಗಾತ್ರದ ಧಾರೆ ಇಳಿಜಾರಿನಲ್ಲಿ ಹರಿದು ನೀರಿಗೆ ಸೇರುತ್ತಿತ್ತು. ಕೆರೆ ತುಂಬಿ ನಿಂತಿದ್ದ ಕಾಲ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಆಗಲೇ ಹರಡಲು ಶುರುವಾಗಿತ್ತು.

“ಏನ್ರೀ ಲೋಡು?” ಎಂದು ಡ್ರೈವರನ್ನು ಕೇಳಿದೆ.

“ಮುಂದಿನ ಖಾನೆಯಾಗೆ ಪೆಟ್ರೋಲ್ ರೀ. ಹಿಂದಿನವು ಎರಡೂ ಡೀಸೆಲ್.”

ಸೋರುತ್ತಿದ್ದದ್ದು ಡೀಸೆಲ್. ಪೆಟ್ರೋಲಿನ ಖಾನೆ ಗಟ್ಟಿಯಾಗಿತ್ತು. ಅದೊಂದು ಪುಣ್ಯ. “ಬ್ಯಾಟರಿ ವೈರು ಕೀಳಿ” ಎಂದೆ. ಅವನು ಒಂದೇ ಕೈಯಲ್ಲಿ ಕಿತ್ತ.

ಅಷ್ಟರಲ್ಲಿ ಜನ ಬಂದಿದ್ದರು. ಬರಿಗೈಯಲ್ಲಿ ಬಂದವರು ಕಡಿಮೆ. ಕೊಡ, ಕ್ಯಾನು, ಬಕೆಟ್ಟು. ಬಿಟ್ಟಿ ಡೀಸೆಲ್ ಯಾರಿಗೆ ಬೇಡ? ಹಿಂದೆ ನಿಂತವನೊಬ್ಬನ ಬಾಯಲ್ಲಿ ಬೀಡಿ. “ಯಾರೂ ಹತ್ರ ಬರಬ್ಯಾಡ್ರಿ” ಎಂದು ಕೂಗಿದೆ. ಒಬ್ಬರೂ ಕಿವಿಗೊಡಲಿಲ್ಲ. ವರ್ಷಕ್ಕೆರಡು ಸಲ ಬಂದುಹೋಗುವ, ಊರ ಸೊಸೆಯ ತವರಿನ ನೆಂಟನ ಮಾತು ಯಾರು ಕೇಳುತ್ತಾರೆ? ಆಗ ನನ್ನ ಹಿಂದಿನಿಂದ ಅಕ್ಕನ ಕೂಗು ಬಂತು. ಅರವತ್ತು ಕುರಿಗಳನ್ನು ಕೆರೆಯ ಆಚೆ ದಡದಿಂದ ತಿರುಗಿಸುವ ಗಂಟಲು ಅದು.

“ಬೀಡಿ ಆರಿಸೋ! ಮುಂದಿನ ಖಾನೆಯಾಗೆ ಪೆಟ್ರೋಲ್ ಐತಂತೆ. ಹತ್ತಿಕೊಂಡ್ರೆ ನಿನ್ನ ಹೆಣ ಹುಡುಕಾಕೆ ನಾನು ಬರಾಕಿಲ್ಲ. ಕೊಡ ಎಲ್ಲ ಏರಿ ಮ್ಯಾಲೆ ಇಡ್ರಿ. ಗುದ್ದಲಿ ಇದ್ದೋರು ಮಾತ್ರ ಕೆಳಗೆ ಬರ್ರಿ!”

ಬೀಡಿ ಆರಿತು. ಕೊಡಗಳು ಏರಿಯ ಮೇಲೆ ಸಾಲಾಗಿ ಕೂತವು. ಐದು ಜನ ಗುದ್ದಲಿ ಹಿಡಿದು ಬಂದರು. ಧಾರೆಗೂ ನೀರಿಗೂ ನಡುವೆ ಒಂದು ಗುಂಡಿ ತೋಡಿ, ಕೆಳಗೆ ಮಣ್ಣಿನ ಒಡ್ಡು ಹಾಕಲು ಹೇಳಿದೆ. ಗುದ್ದಲಿ ಕಲ್ಲಿಗೆ ತಾಗದಂತೆ ಮೆತ್ತನೆ ಜಾಗ ನಾನೇ ತೋರಿಸಿದೆ. ಅಂಗಡಿಯಿಂದ ಬಟ್ಟೆ ಸೋಪು, ಅಕ್ಕನ ಹಟ್ಟಿಯಿಂದ ಎರಡು ಹಿಡಿ ಉಣ್ಣೆ ತರಿಸಿದೆ. ಭಾವನನ್ನು ಕರೆದು, “ಓಡಿ ಹೋಗಿ ತೂಬು ಮುಚ್ಚಿ ಭಾವ. ಗದ್ದೆಗೆ ನೀರು ಹೋಗಬಾರದು” ಎಂದೆ. ಹತ್ತು ವರ್ಷ ಬಾರ್ಜಿನ ಮೇಲೆ ಮಾಡಿದ್ದೇ ಅದು. ಎಣ್ಣೆ ಚೆಲ್ಲಿದರೆ ಹೊರಹೋಗುವ ಕಂಡಿ ಮುಚ್ಚು. ಭಾವ ಓಡಿದ.

ನಾನು ಲಾರಿಯ ಬೆನ್ನಿಗೆ ಹತ್ತಿದೆ. ಹಿಂದಿನ ಖಾನೆಯ ಮುಚ್ಚಳ ಉರುಳಿದ ಪೆಟ್ಟಿಗೆ ಒಂದು ಕಡೆ ಬಾಯಿಬಿಟ್ಟಿತ್ತು. ರಬ್ಬರು ಹಿಂಡಿಕೊಂಡು ಹೊರಬಂದಿತ್ತು. ಸೋಪನ್ನು ಕೈಯಲ್ಲೇ ಮಿದ್ದು, ಅಕ್ಕನ ಉಣ್ಣೆಯ ಎಳೆ ಸೇರಿಸಿ ನಾದಿ, ಆ ಸಂದಿನಲ್ಲಿ ಹೆಬ್ಬೆರಳಿನಿಂದ ತುರುಕಿದೆ. ಡೀಸೆಲ್ಲಿಗೆ ಸೋಪು ಕರಗುವುದಿಲ್ಲ. ಹಳೇ ಲಾರಿಯವರಿಗೂ ಬಾರ್ಜಿನವರಿಗೂ ಗೊತ್ತಿರುವ ಉಪಾಯ. ಅದರ ಮೇಲೆ ಹಲಸಿನ ಕಟ್ಟಿಗೆಯ ಬೆಣೆ ಇಟ್ಟು, ಭಾವನ ಮನೆಯ ಮರದ ಕೊಡತಿಯಿಂದ ಮೆಲ್ಲಗೆ ಬಡಿದೆ. ಧಾರೆ ದಾರವಾಯಿತು. ಇನ್ನೊಂದು ಬೆಣೆ ಬಡಿದೆ. ದಾರ ಹನಿಯಾಯಿತು. ಕೆಳಗೆ ಒಂದು ಬಕೆಟ್ಟು ಇಡಿಸಿದೆ.

ಬೆನ್ನಿನಿಂದ ಇಳಿಯುವಾಗ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಅಕ್ಕ ನೀರಿನ ಅಂಚಿನಲ್ಲಿ ನಿಂತು ಪೊರೆ ಯಾವ ಕಡೆಗೆ ಸರಿಯುತ್ತಿದೆ ಎಂದು ನೋಡುತ್ತಿದ್ದಳು. ಮೂಡಣ ಗಾಳಿ ಅದನ್ನು ಪಡುವಣ ಮೂಲೆಗೆ ತಳ್ಳುತ್ತಿತ್ತು.

“ತೂಬು ಯಾಕೆ ಮುಚ್ಚಿಸಿದೆ?” ಎಂದಳು.

“ಗದ್ದೆಗೆ ಎಣ್ಣೆ ಹೋಗಬಾರದಲ್ಲ.”

“ಎಣ್ಣೆ ಎಲ್ಲೈತೆ? ಮ್ಯಾಲೆ ತೇಲ್ತಾ ಐತೆ. ತೂಬು ಎಲ್ಲೈತೆ? ತಳದಾಗೆ. ತೂಬಿನಾಗೆ ಹೋಗೋದು ತಳದ ನೀರು ಕಣೋ. ಮ್ಯಾಲಿಂದು ಹೋಗೋದು ಕೋಡಿ ಮ್ಯಾಗೆ. ನೋಡಲ್ಲಿ, ಕೋಡಿ ಹರೀತಾ ಐತೆ!”

ನೋಡಿದೆ. ಪಡುವಣ ಮೂಲೆಯಲ್ಲಿ, ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಕೋಡಿಯ ಕಲ್ಲಿನ ಮೇಲೆ, ನಾಲ್ಕು ಬೆರಳಿನಷ್ಟು ನೀರು ಹಾಳೆಯಂತೆ ಹರಿಯುತ್ತಿತ್ತು. ಗಾಳಿ ಎಣ್ಣೆಯನ್ನು ತಳ್ಳುತ್ತಿದ್ದುದೂ ಆ ಕಡೆಗೇ. ಕೋಡಿಯ ಆಚೆ ಹಳ್ಳ, ಹಳ್ಳದ ಗುಂಟ ಊರೂರಿನ ಗದ್ದೆ. ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಬಾರ್ಜಿನ ಕಂಡಿ ಡೆಕ್ಕಿನ ಮಟ್ಟದಲ್ಲಿರುತ್ತದೆ, ಕೆರೆಯ ತೂಬು ತಳದಲ್ಲಿರುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ.

“ಹಂಗಾದ್ರೆ ಏನು ಮಾಡೋಣ ಅಕ್ಕ?”

“ತೂಬು ಪೂರ್ತಿ ಎತ್ತಿಸು. ತಳದ ನೀರು ಹೋಗ್ಲಿ. ಕೆರೆ ನಾಲ್ಕು ಬೆರಳು ಇಳಿದ್ರೆ ಕೋಡಿ ತಾನೇ ನಿಲ್ಲುತ್ತೆ. ಅಲ್ಲೀ ತಂಕ ಎಣ್ಣೆ ಅಲ್ಲಿಗೆ ಮುಟ್ಟದಂಗೆ ತಡೆಯೋದು ನಿನ್ನ ಕಸುಬು.”

ಭಾವ ಆಗಷ್ಟೇ ತೂಬು ಮುಚ್ಚಿ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದ. ಮತ್ತೆ ಎತ್ತಬೇಕು ಎಂದಾಗ ನಮ್ಮಿಬ್ಬರ ಮುಖ ನೋಡಿ, “ಅಕ್ಕ ತಮ್ಮ ಮೊದಲು ಒಂದು ಮಾತಿಗೆ ಬರ್ರಪ್ಪ” ಎಂದು ಬೈದುಕೊಳ್ಳುತ್ತ ಹೋದ. ಕಾಲುವೆ ಕೆಳಗಿನ ಗದ್ದೆಯವರು ಬದು ಕಡಿದು ನೀರನ್ನು ಹಾಗೇ ದಾಟಿಸಿದರು.

ತಡೆಯುವುದು ನನ್ನ ಕಸುಬು, ನಿಜ. ಬಾರ್ಜಿನಲ್ಲಿ ಅದಕ್ಕೆ ತೇಲುವ ಬೇಲಿ ಇರುತ್ತದೆ, ಎಣ್ಣೆ ಹೀರುವ ಬಿಳಿ ದಿಂಬುಗಳಿರುತ್ತವೆ. ಇಲ್ಲಿ ಏನಿದೆ? ತರಬೇತಿಯಲ್ಲಿ ಒಬ್ಬರು ಕುರಿಯ ಉಣ್ಣೆ ಎಣ್ಣೆ ಹೀರುತ್ತದೆ ಎಂದು ಹೇಳಿದ್ದು ನೆನಪಾಯಿತು. ಕಣ್ಣಾರೆ ನೋಡಿರಲಿಲ್ಲ. ಅಕ್ಕನಿಗೆ ಹೇಳಿದೆ.

“ಉಣ್ಣೆ ನೀರು ಕುಡಿದು ಮುಳುಗಲ್ವಾ?”

“ತೊಳೆಯದ ಉಣ್ಣೆ ಮುಳುಗಲ್ಲ ಅಂತಾರೆ. ಜಿಡ್ಡು ಇರುತ್ತಲ್ಲ.”

“ಅಂತಾರೆ ಅಂದ್ರೆ?” ಎಂದು ಅವಳು ನನ್ನ ಕೈಯಲ್ಲಿದ್ದ ಹಿಡಿ ಉಣ್ಣೆ ಕಿತ್ತುಕೊಂಡು, ಬಗ್ಗಿ, ಪೊರೆಯ ಮೇಲೆ ಆಡಿಸಿದಳು. ಎತ್ತಿ ಹಿಂಡಿದಳು. ಬೆರಳ ಸಂದಿನಿಂದ ಇಳಿದದ್ದು ಡೀಸೆಲ್. ನೀರು ಕೆಲವೇ ಹನಿ. ಅವಳು ಅದನ್ನು ಮೂಸಿ ನೋಡಿ, ತಿರುಗಿ, ಏರಿಯ ಮೇಲಿದ್ದ ಹೆಂಗಸರಿಗೆ ಕೂಗಿದಳು: “ನಮ್ಮ ಹಟ್ಟಿಯಾಗಿರೋ ಉಣ್ಣೆ ಚೀಲ ಎಲ್ಲಾ ತರ್ರಿ! ಶುಂಠಿ ತುಂಬೋ ಬಲೆ ಚೀಲ ಯಾರ ಮನೇಲಿ ಅದಾವೆ, ಅವನ್ನೂ ತರ್ರಿ!”

ಶುಂಠಿಯ ಬಲೆ ಚೀಲಗಳಿಗೆ ಉಣ್ಣೆ ತುಂಬಿದೆವು. ಉದ್ದ ಹಗ್ಗಕ್ಕೆ ಅವನ್ನು ಒಂದರ ಬಾಲಕ್ಕೊಂದು ಕಟ್ಟಿ, ನಡುನಡುವೆ ಒಣ ಬಿದಿರು ಸೇರಿಸಿ, ಕೋಡಿಯ ಮುಂದೆ ದಡದಿಂದ ದಡಕ್ಕೆ ಬಾಗಿಸಿ ಎಳೆದೆವು. ಮೀನು ಹಿಡಿಯುವವರ ತೆಪ್ಪದಲ್ಲಿ ನಾನೂ ಭಾವನೂ ಕೂತು ಆ ಕಪ್ಪು ಹಾವನ್ನು ಸರಿಪಡಿಸುತ್ತ ಹೋದೆವು. ಬೇಲಿ ಬಿಗಿಯಾಗಿರಬಾರದು, ಗಾಳಿಗೆ ಹೊಟ್ಟೆ ಬಿಡುವಷ್ಟು ಸಡಿಲವಿರಬೇಕು. ಹತ್ತು ಗಂಟೆಯ ಹೊತ್ತಿಗೆ ಪೊರೆ ಬಂದು ಅದಕ್ಕೆ ತಾಗಿತು. ನಿಂತಿತು. ಈಚೆ ಬಣ್ಣ, ಆಚೆ ಬರೀ ನೀರು. ಒಂದೆರಡು ಕಡೆ ಸಂದಿನಿಂದ ನುಸುಳಿದ್ದನ್ನು ಕೋಡಿಯ ಕಲ್ಲಿನ ಬಳಿ ನಿಂತ ಹೆಂಗಸರು ಉಣ್ಣೆಯ ಉಂಡೆಗಳಿಂದ ಒತ್ತಿ ಹೀರಿಸಿದರು. ಮಧ್ಯಾಹ್ನಕ್ಕೆ ಕೋಡಿಯ ನೀರು ತೆಳುವಾಗಿ, ಕಲ್ಲು ಅಲ್ಲಲ್ಲಿ ಒಣಗಿ, ಕೊನೆಗೆ ನಿಂತೇ ಹೋಯಿತು. ಕೋಡಿ ಹರಿಯುವುದನ್ನು ನೋಡಿ ಹಿಗ್ಗುವ ಊರು ಅದು ನಿಂತದ್ದಕ್ಕೆ ಕೇಕೆ ಹಾಕಿತು.

ಅಷ್ಟರೊಳಗೆ ಊರವರ ಫೋನಿಗೆ ಸೊರಬದಿಂದ ಅಗ್ನಿಶಾಮಕದವರು ಬಂದಿದ್ದರು. ಅವರ ಅಧಿಕಾರಿ ಸೋಪು, ಬೆಣೆ, ಗುಂಡಿ, ಉಣ್ಣೆಯ ಬೇಲಿ ಎಲ್ಲ ಒಂದು ಸುತ್ತು ನೋಡಿ, “ಯಾರ್ರೀ ಇದನ್ನ ಮಾಡ್ಸಿದ್ದು?” ಎಂದು ಕೇಳಿದರು. ಜನ ನನ್ನನ್ನು ತೋರಿಸಿದರು. ನಾನು ಅಕ್ಕನನ್ನು ತೋರಿಸಿದೆ. ಅಕ್ಕ ಕುರಿಗಳನ್ನು ನೀರಿನಿಂದ ದೂರ ಹೊಡೆಯುವ ಗಡಿಬಿಡಿಯಲ್ಲಿದ್ದಳು, ನೋಡಲೇ ಇಲ್ಲ.

“ನೀವೇನು ಕೆಲಸ ಮಾಡೋದು?”

“ಟ್ಯಾಂಕ್ ಬಾರ್ಜಿನ ಮೇಲೆ ರೀ.”

ಮೀನಿನ ಪ್ರಶ್ನೆ ಬರಬಹುದೆಂದು ಕಾದೆ. ಬರಲಿಲ್ಲ. “ಹಂಗಾದ್ರೆ ಇಲ್ಲೇ ಇರ್ರಿ. ಪೆಟ್ರೋಲ್ ಇನ್ನೊಂದು ಗಾಡಿಗೆ ವರ್ಗ ಮಾಡಬೇಕು” ಎಂದರು. ಕಂಪನಿ ಕಳಿಸಿದ ಖಾಲಿ ಟ್ಯಾಂಕರಿಗೂ ಬಿದ್ದ ಲಾರಿಗೂ ತಂತಿ ಕಟ್ಟಿ, ಒಂದು ತುದಿಯನ್ನು ಒದ್ದೆ ಮಣ್ಣಿಗೆ ಹುಗಿದು, ಎಲ್ಲರ ಫೋನನ್ನೂ ಒಂದು ಬುಟ್ಟಿಗೆ ಹಾಕಿಸಿ ದೂರವಿಟ್ಟೆವು. ಪಂಪು ಅವರದು, ಪೈಪು ಅವರದು. ಹಿಂದಿನ ಖಾನೆಗಳ ಡೀಸೆಲ್ಲನ್ನೂ ಆಮೇಲೆ ಹಾಗೆಯೇ ತೆಗೆದರು. ಮಟ್ಟ ನೋಡುವ ಕೆಲಸ ನನ್ನದು. ಹೊಸ ಖಾನೆ ತುಂಬುತ್ತ ಬಂದಾಗ ತೋಳೆತ್ತಿ ಅಡ್ಡ ಹಿಡಿದೆ. ಪಂಪು ನಿಂತಿತು.

ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಲಾರಿ ಬಿದ್ದ ಕಡೆಯ ದಡದಲ್ಲಿ ಹುಲ್ಲು ಸುಟ್ಟಂತೆ ಕಪ್ಪಾಯಿತು. ಆ ಮೂಲೆಯಲ್ಲಿ ಮರಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು; ಕೆರೆಯ ಮೀನಿನ ಗುತ್ತಿಗೆ ಹಿಡಿದವನು ತಲೆಗೆ ಕೈಹೊತ್ತು ಕೂತ. ಉಣ್ಣೆ ಬದಲಿಸುವುದು, ಹಿಂಡುವುದು, ಡ್ರಮ್ಮಿಗೆ ತುಂಬುವುದು ಇನ್ನೂ ಮೂರು ದಿನ ನಡೆಯಿತು. ನನ್ನ ರಜೆ ಅಲ್ಲಿಗೆ ಮುಗಿಯಿತು. ಅಕ್ಕ ತಿಂಗಳಿಗೂ ಹೆಚ್ಚು ಕಾಲ ಕುರಿಗಳನ್ನು ಕೆರೆಗೆ ಬಿಡದೆ ಕೊಳವೆಬಾವಿಯ ತೊಟ್ಟಿಯಲ್ಲಿ ನೀರು ಕುಡಿಸಿದಳು. ಬಾಟಲಿಗಳಲ್ಲಿ ನೀರು ಒಯ್ದು ಪರೀಕ್ಷೆ ಮಾಡಿದವರು ಅಡ್ಡಿಯಿಲ್ಲ ಎಂದ ಮೇಲೂ, ಮೊದಲು ತನ್ನ ಕೈಯಲ್ಲಿ ಮೊಗೆದು ಮೂಸಿ ನೋಡಿಯೇ ಬಿಟ್ಟಳಂತೆ. ಆದರೆ ಹಳ್ಳಕ್ಕೆ ಎಣ್ಣೆ ಇಳಿಯಲಿಲ್ಲ. ಕೆಳಗಿನ ಊರುಗಳವರು ಆ ವರ್ಷ ಭತ್ತ ಕೊಯ್ದರು.

ಮಂಗಳೂರಿಗೆ ಹಿಂತಿರುಗಿ ತಾಂಡೇಲರಿಗೆ ಎಲ್ಲ ಹೇಳಿದೆ. ತೂಬಿನ ವಿಷಯ ಬಿಟ್ಟು ಹೇಳಬಹುದಿತ್ತು, ಬಿಡಲಿಲ್ಲ. ಅವರು, “ಒಂದು ಕೆಲಸ ಮಾಡು. ನಿನ್ನ ಅಕ್ಕನನ್ನು ಬಾರ್ಜಿಗೆ ಕಳ್ಸು. ನೀನು ಕುರಿ ನೋಡಿಕೊ” ಎಂದರು. ಆಮೇಲೆ ನಮ್ಮ ಎಣ್ಣೆ ಹೀರುವ ಸಾಮಾನಿನ ಪೆಟ್ಟಿಗೆಯಲ್ಲಿ ಎರಡು ಚೀಲ ಕುರಿಯ ಉಣ್ಣೆಗೆ ಜಾಗ ಮಾಡಿದರು.

ಮರುವರ್ಷ ತಾಂಡೇಲರು ನಿವೃತ್ತರಾದರು. ನಾನು ಇನ್ನೊಂದು ಪರೀಕ್ಷೆ ಪಾಸು ಮಾಡಿ ಅದೇ ಬಾರ್ಜಿನ ಮಾಸ್ಟರ್ ಆದೆ. ಈಗ ಹಾಳೆ ಹಿಡಿದು ಗುರುತು ಹಾಕುವವನು ನಾನು. ಕೆಲಸ ನನಗೆ ಗೊತ್ತು ಎಂದು ಈಗ ಎದೆತಟ್ಟಿ ಹೇಳಬಲ್ಲೆ. ಹೊಸ ಜಾಗಕ್ಕೆ ಹೋದರೆ ಮಾತ್ರ ಮೊದಲು ಅಲ್ಲಿಯವರನ್ನು ಕೇಳುತ್ತೇನೆ: ಇಲ್ಲಿ ನೀರು ಯಾವ ಕಡೆ ಹೋಗುತ್ತದೆ? ಗೋವಾದ ನದಿಯೊಂದರಲ್ಲಿ ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ಕೈಮಾಡಿ ತೋರಿಸಿದ ಮರಳು ದಿಬ್ಬ ನಕ್ಷೆಯಲ್ಲಿ ಇರಲೇ ಇಲ್ಲ.

ಕಳೆದ ಮಾಘದಲ್ಲಿ ಅಕ್ಕ, ಭಾವ ಮಂಗಳೂರಿಗೆ ಬಂದರು. ಬಾರ್ಜು ಖಾಲಿಯಾಗಿತ್ತು, ಟ್ಯಾಂಕುಗಳನ್ನು ತೊಳೆದು ಗಾಳಿ ಆಡಿಸಿ ಪರೀಕ್ಷೆ ಮಾಡಿಸಿದ್ದೆವು. ಅನುಮತಿ ಪಡೆದು ಅವರನ್ನು ಅಳಿವೆಯವರೆಗಿನ ಒಂದು ಸುತ್ತಿಗೆ ಹತ್ತಿಸಿಕೊಂಡೆ. ಭಾವ ಇಂಜಿನ್ ಕೋಣೆಗೆ ಇಳಿದವನು ಮೇಲೆ ಬರಲೇ ಇಲ್ಲ. ಅಕ್ಕ ಸೆರಗು ಬಿಗಿದು, ಲೈಫ್ ಜಾಕೆಟ್ಟಿನೊಳಗೆ ಹೂತುಹೋಗಿ, ಡೆಕ್ಕಿನ ಅಂಚಿನ ಕಂಬಿ ಹಿಡಿದು ನಿಂತಳು. ನದಿಯ ಮೇಲೆ ತೆಂಗಿನ ಗರಿಯೊಂದು ತೇಲಿಕೊಂಡು ಸಮುದ್ರದ ಕಡೆಯಿಂದ ಒಳಗೆ ಬರುತ್ತಿತ್ತು.

“ಹೊಳೆ ಹಿಂದಕ್ಕೆ ಹರೀತಾ ಐತಲ್ಲೋ!” ಎಂದಳು.

ಇದು ಭರತ, ಸಮುದ್ರ ಏರಿದಾಗ ನದಿಯನ್ನು ಒಳಕ್ಕೆ ತಳ್ಳುತ್ತದೆ, ಸ್ವಲ್ಪ ಹೊತ್ತಿಗೆ ನಿಂತು ಮತ್ತೆ ಇಳಿಯುತ್ತದೆ, ಇಳಿಯುವಾಗ ನಾವು ಹೊರಡುತ್ತೇವೆ ಎಂದು ಹೇಳಿದೆ. ನಮ್ಮ ಕಡೆಯ ಹೊಳೆಗಳು ಹುಟ್ಟಿದಾರಭ್ಯ ಒಂದೇ ದಿಕ್ಕಿಗೆ ಹರಿಯುವಂಥವು. ಅವಳು ನನ್ನ ಮಾತನ್ನು ಪೂರ್ತಿ ನಂಬಿದಂತೆ ಕಾಣಲಿಲ್ಲ. ಒಂದು ಕುರ್ಚಿ ಕೊಟ್ಟೆ. ಕೂರಲಿಲ್ಲ. ಚಹಾ ತಂದುಕೊಟ್ಟೆ, ಕೈಯಲ್ಲೇ ಆರಿತು. ಆ ಗರಿ ಬಂದರಿನ ಗೋಡೆಯವರೆಗೆ ಬಂತು, ನಿಧಾನವಾಯಿತು, ಒಂದೇ ಕಡೆ ನಿಂತು ಸುತ್ತಿತು. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ, ಕಂಡೂ ಕಾಣದಂತೆ, ಅಳಿವೆಯ ಕಡೆಗೆ ಸರಿಯಿತು.

ಅಕ್ಕ ಕಂಬಿ ಬಿಟ್ಟು ನನ್ನ ಕಡೆ ತಿರುಗಿದಳು. “ತಿರುಗ್ತು ನೋಡು” ಎಂದಳು. “ಈಗ ಹೊರಡು.”

ನಾನು ಹಗ್ಗ ಬಿಚ್ಚಲು ಹೇಳಿದೆ.